ಕೃಷ್ಣನ ಅಕ್ಕ

ಆಲೂರಿನ ಬಾಡಿಗೆ ಮನೆಯಲ್ಲಿ ಭದ್ರಮ್ಮ ಬೆಳಗಿನ ಕಾಫಿ ಕುಡಿಯುತ್ತಿದ್ದಾಗ ತಮ್ಮ ರವಿಚಂದ್ರನ ಫೋನು ಬಂತು. ಅವನಾಗಿ ಫೋನು ಮಾಡಿ ಎಷ್ಟು ಕಾಲವಾಗಿತ್ತೋ!

“ಅಕ್ಕಾ, ಇವತ್ತು ನಮ್ಮೂರಲ್ಲಿ ಕುರುಕ್ಷೇತ್ರ ನಾಟ್ಕ. ನಂದು ಕೃಷ್ಣ. ದ್ರೌಪದಿ ಮಾಡೋಳಿಗೆ ಜ್ವರ ಬಂದ್ಬುಟ್ಟೈತೆ, ನೀನೇ ಬಂದ್ಬುಡು. ಆದ್ರೆ...” ಗಂಟಲು ಸರಿಮಾಡಿಕೊಂಡ. “ನನ್ ಮಗಳು ಧನುಶ್ರೀನ ಹೆಣ್ಣು ಕೇಳಿರೋ ಸಕಲೇಶಪುರದ ಎಸ್ಟೇಟಿನೋರು ಬರ್ತಾವ್ರೆ. ನನ್ನಕ್ಕ ಅಂತ ಮಾತ್ರ ಹೇಳ್ಬ್ಯಾಡ. ಹಾಸನದಿಂದ ಬಂದೋಳು ಅಂತ ಇದ್ಬುಡು.”

ಭದ್ರಮ್ಮನ ಮೈ ಉರಿದುಹೋಯಿತು. ಅಪ್ಪ ಸತ್ತ ಮೇಲೆ ಊರೂರು ಸುತ್ತಿ, ದ್ರೌಪದಿ ವೇಷ ಕಟ್ಟಿ, ಇವನ ಫೀಸು ಕಟ್ಟಿದವಳು ಅವಳು. ಇವನ ಕಾಫಿ ಗಿಡಗಳ ಬುಡದಲ್ಲಿರುವುದೂ ಅವಳ ಬಣ್ಣದ ದುಡ್ಡೇ. ಕಟ್ಟಿಕೊಂಡವನು “ಬಣ್ಣ ಬಿಡು, ಇಲ್ಲಾ ನನ್ನ ಬಿಡು” ಎಂದಾಗ ಅವನನ್ನೇ ಬಿಟ್ಟಳು. ಅದಕ್ಕೆ ಇವತ್ತಿಗೂ ಅವಳಿಗೆ ಬೇಸರವಿಲ್ಲ. ಬೇಸರವೆಲ್ಲ ಈ ತಮ್ಮನ ಮೇಲೆ.

ನಮ್ಮ ಕಡೆ ಊರಿನ ಗಂಡಸರು ಶೋಕಿಗೆ ವೇಷ ಕಟ್ಟುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಅದರಲ್ಲೇ ಬದುಕುವ ಹೆಂಗಸರನ್ನು ಹೊರಗಿನಿಂದ ಕರೆಸುತ್ತಾರೆ. ಗಂಡಸು ಬಣ್ಣ ಹಚ್ಚಿದರೆ ಹಾರ, ಶಾಲು, ಊರ ಬಾಗಿಲಲ್ಲಿ ಫ್ಲೆಕ್ಸು. ಹೆಂಗಸು ಹಚ್ಚಿದರೆ ಮನೆತನಕ್ಕೆ ಮಾನಗೇಡು. ಇದ್ಯಾವ ಸೀಮೆಯ ನ್ಯಾಯ!

“ಬರ್ತೀನಿ ಕಣೋ,” ಎಂದಳು ಭದ್ರಮ್ಮ. “ಬಂದೇ ಬರ್ತೀನಿ.”

ಹಗಲು ನಾಟಕ. ಶಾಲೆ ಮೈದಾನದ ಶಾಮಿಯಾನ ತುಂಬಿತ್ತು. ಮುಂದಿನ ಸಾಲಿನ ಸೋಫಾದಲ್ಲಿ ಎಸ್ಟೇಟಿನವರು. ಮೈಕಿನಲ್ಲಿ ಒಬ್ಬೊಬ್ಬ ಪಾತ್ರಧಾರಿಯನ್ನೂ ಇಂಥವರ ಮಗ, ಇಂಥ ಮನೆಯವನು ಎಂದು ಕೂಗಿ ಹೇಳಿದರು. ದ್ರೌಪದಿಯ ಸರದಿ ಬಂದಾಗ ಬರೀ “ಹಾಸನದ ಕಲಾವಿದೆ” ಎಂದರು. ಊರಿನವರಿಗೆಲ್ಲ ಗೊತ್ತು, ಅವಳು ಅಂಬೆಗಾಲಿಟ್ಟಿದ್ದೇ ಆ ಊರ ಬೀದಿಯಲ್ಲಿ. ಒಬ್ಬರಾದರೂ ಬಾಯಿ ಬಿಡಬೇಕಲ್ಲ! ಚಿಕ್ಕಮ್ಮ ಮಾದಮ್ಮನಂತೂ ಎದುರಿಗೇ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಕೃಷ್ಣ ಸಂಧಾನಕ್ಕೆ ಹೊರಡುವ ದೃಶ್ಯ. ಭದ್ರಮ್ಮ ಬಿಚ್ಚಿದ ಮುಡಿಯಲ್ಲಿ ಬಂದು ನಿಂತಳು. ನೀಲಿ ಬಳಿದುಕೊಂಡ ರವಿಚಂದ್ರ ಅವಳ ತಲೆಯ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು, “ತಂಗೀ, ಈ ಅಣ್ಣನಿರುವಾಗ ನಿನಗೇಕೆ ಚಿಂತೆ?” ಎಂದ. ಜನ ಶಿಳ್ಳೆ ಹೊಡೆದರು. ಎಸ್ಟೇಟಿನ ಯಜಮಾನರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರು. ಭದ್ರಮ್ಮ ಹಾಡಲಿಲ್ಲ. ತಮ್ಮನ ಕೈಯನ್ನು ತಲೆಯಿಂದ ತೆಗೆದಳು.

“ತಂಗಿ ಅಲ್ಲ ಕಣೋ ರವಿ. ಅಕ್ಕ.”

ಹಾರ್ಮೋನಿಯಂ ನಿಂತಿತು.

“ಬಾಡಿಗೆಗೆ ಬಂದ ಹೆಂಗಸ್ರನ್ನೆಲ್ಲ ತಂಗಿ ಅಂತ ಅಳ್ತೀಯ. ಒಡಹುಟ್ಟಿದೋಳ್ನ ಅಕ್ಕ ಅನ್ನಕ್ಕೆ ನಿಂಗೆ ನಾಚ್ಕೆ. ಅನ್ನು. ಅಂದ್ರೆ ಪದ ಹಾಡ್ತೀನಿ, ಇಲ್ದಿದ್ರೆ ಈಗ್ಲೇ ಬಸ್ ಹತ್ತೀನಿ.”

ರವಿಚಂದ್ರ ಮುಂದಿನ ಸಾಲು ನೋಡಿದ, ಚಿಕ್ಕಮ್ಮನನ್ನು ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ. ಕೆನ್ನೆಯ ನೀಲಿ ಬೆವರಿಗೆ ಇಳಿಯತೊಡಗಿತು.

“ಅಕ್ಕ,” ಎಂದ ಮೆತ್ತಗೆ. ಕೊರಳಿನ ಮೈಕು ಅದನ್ನು ಮೈದಾನದ ಕೊನೆಯವರೆಗೂ ಒಯ್ದಿತು.

“ಹಿಡೀರಿ ಮೇಷ್ಟ್ರೇ ಶ್ರುತಿ,” ಎಂದಳು ಭದ್ರಮ್ಮ.