ಚೌಕದಾಚೆ ನಿಂತ ಅತ್ತೆ

ಇಂದು ಕಾರವಾರದ ಮನೆಯಲ್ಲಿ ಚಿಕ್ಕಪ್ಪನ ಮದುವೆಯ ಹಳೇ ಫೋಟೊವನ್ನು ಸ್ಕ್ಯಾನರಿಗೆ ಹಾಕಿದೆವು. ಪ್ರಿವ್ಯೂ ಒತ್ತಿದೊಡನೆ ಕಂಪ್ಯೂಟರು ತಾನೇ ಚುಕ್ಕಿಗೆರೆಯ ಚೌಕ ಎಳೆದು, ಅಂಚಿನಲ್ಲಿದ್ದ ಕೈಯೊಂದನ್ನು ಹೊರಗೆ ಬಿಟ್ಟಿತು.

"ಅಮ್ಮಾ, ನಿನ್ನ ರಟ್ಟೆ ಹಿಡಿದದ್ದು ಯಾರು? ಈ ಕೈ ಕಟ್ ಮಾಡ್ಲಾ?" ಎಂದಳು ಮಗಳು.

ಅದು ನನ್ನ ವಿಧವೆ ಸೋದರತ್ತೆಯ ಕೈ. ಆ ಮದುವೆಗೆ ಮೆಣಸು ಅರೆದು ಅರೆದು ಅವಳ ಅಂಗೈ ಉರಿಯುತ್ತಿತ್ತು. ನಮ್ಮೂರು ಶೆಟಗೇರಿಯ ಮನೆಯಂಗಳಕ್ಕೆ ಫೋಟೊದವನು ಬಂದದ್ದೇ ತಡ, ಅಜ್ಜಿ ಅವಳಿಗೆ, "ನೀ ಬದಿಗೆ ನಿತ್ಕ. ಮದುವೆ ಫೋಟೊಕ್ಕೆ ನೀ ಬ್ಯಾಡ" ಎಂದಳು. ಆಗ ಪುಟ್ಟವಳಾಗಿದ್ದ ನಾನು ಓಡಿಹೋಗದಂತೆ ಅತ್ತೆ ಬದಿಯಿಂದಲೇ ಹಿಡಿದುಕೊಂಡಿದ್ದಳು. ನಾನೋ, ಹಲ್ಲು ಕಿರಿಯುತ್ತ ನಿಂತಿದ್ದೆ.

ಮಗಳಿಂದ ಮೌಸ್ ಕಸಿದುಕೊಂಡು ಚೌಕವನ್ನು ಎಳೆದೆ. ಕೈ ಒಳಗೆ ಬಂತು. ಇನ್ನೂ ಎಳೆದೆ. ಫೋಟೊ ಅಲ್ಲಿಗೇ ಮುಗಿದಿತ್ತು. ಬಳೆಯಿಲ್ಲದ ಮಣಿಕಟ್ಟಿನಾಚೆ ಬರೀ ಬಿಳಿ.