ಎರಡು ತಿರುವು, ಒಂದೇ ಹಿಂಡು

ಬೆಟ್ಟದ ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಕೂರುವ ಹೆಂಗಸನ್ನು ಎಲ್ಲರೂ ಗೇಟಮ್ಮ ಎಂದೇ ಕರೆಯುತ್ತಾರೆ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಒಂದು ಕಿಟಕಿಯ ಕೋಣೆ, ಒಂದು ಸ್ಟೂಲು, ಟಿಕೆಟ್ಟಿನ ಪೆಟ್ಟಿಗೆ, ಹೊರಗೋಡೆಯ ಮೇಲೊಂದು ಕಪ್ಪು ಹಲಗೆ. ಹಲಗೆಯ ತಲೆಯ ಮೇಲೆ ‘ನಿನ್ನೆ ಕಂಡವು’ ಎಂದು ಬಿಳಿ ಬಣ್ಣದಲ್ಲಿ ಬರೆದಿದೆ. ಅದರ ಕೆಳಗೆ ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ತುಂಬುವುದು ಅವಳ ಕೆಲಸ. ಬಂದವರು ಟಿಕೆಟ್ಟಿಗೆ ಕೈ ಚಾಚುವ ಮೊದಲೇ ಹಲಗೆ ಓದುತ್ತಾರೆ. ಅಷ್ಟು ದೊಡ್ಡ ಬೆಟ್ಟ ಎದುರಿಗೇ ನಿಂತಿದ್ದರೂ ಅದನ್ನು ತಲೆಯೆತ್ತಿ ನೋಡುವವರು ಕಡಿಮೆ.

ಹೂ ಬಿಡುವ ಕಾಲಕ್ಕೆ ಹಕ್ಕಿಗಳು, ಮಳೆ ನಿಂತ ಮೇಲೆ ಜಿಂಕೆಗಳು, ಚಳಿ ಹಿಡಿದರೆ ಬೆಟ್ಟದ ಮೇಕೆಗಳು. ಶಿಖರದಲ್ಲಿ ಹಿಮ ಬಿದ್ದು ಹುಲ್ಲು ಮುಚ್ಚಿಹೋದಾಗ ಈ ಮೇಕೆಗಳು ಇಳಿಜಾರಿಗೆ ಇಳಿದು ಬರುತ್ತವೆ; ಚಳಿ ಕಳೆದ ಮೇಲೆ ಜೀಪು ರಸ್ತೆಯ ಮೇಲಿನ ತಿರುವಿನ ಬಂಡೆಗಳ ಸಂದಿಯಲ್ಲಿ ಮರಿ ಹಾಕಿ, ಮರಿ ಗಟ್ಟಿಯಾದ ಮೇಲೆ ಶಿಖರಕ್ಕೆ ಹತ್ತುತ್ತವೆ. ಜನ ಹೆಚ್ಚು ಬರುವುದು ಇವುಗಳಿಗಾಗಿಯೇ.

ಗೇಟಿನ ಕೆಲಸ ಮೊದಲು ಅವಳ ಗಂಡನದು. ಅವನು ತೀರಿಕೊಂಡ ಮೇಲೆ ಅವಳಿಗೆ ಬಂತು. ಕೆಲಸದ ಜೊತೆ ಅವನ ಒಂದು ಪಾಠವೂ ಬಂತು: “ಮೇಕೆಗಳನ್ನ ಎಣಿಸಬೇಡ, ಮೊದಲು ಮುಂದೆ ನಡೆಯೋ ಹೆಣ್ಣಿನ ಕೊಂಬು ನೋಡು. ಕೊಂಬು ಒಂದೇ ಆದ್ರೆ ಹಿಂಡೂ ಒಂದೇ.” ಅವನ ಕಾಲದಲ್ಲಿ ನಲವತ್ತು ದಾಟುತ್ತಿದ್ದ ಹಿಂಡು ಅವಳ ಕಾಲಕ್ಕೆ ಇಪ್ಪತ್ಮೂರಕ್ಕೆ ಇಳಿದಿತ್ತು.

ತಪ್ಪು ಆದದ್ದು ಒಂದು ಚಳಿಗಾಲದ ಸಂಜೆ. ಕೆಳತಿರುವಿನಿಂದ ಬಂದ ಜೀಪಿನವನು ಇಪ್ಪತ್ಮೂರು ಕಂಡೆ ಎಂದ. ಮೇಲಿನ ತಿರುವಿನಿಂದ ಬಂದವನು, ಅವಳ ಸ್ವಂತ ತಮ್ಮನೇ, ಇಪ್ಪತ್ತೆರಡು ಎಂದ. ಮರುಬೆಳಿಗ್ಗೆ ಅವಳು ಎರಡನ್ನೂ ಕೂಡಿಸಿ ನಲವತ್ತೈದು ಎಂದು ಬರೆದಳು. ಕೊಂಬಿನ ಮಾತು ಕೇಳಲು ಮರೆತಳು.

ಮರುವಾರ ರಜೆಯ ದಿನ ತಮ್ಮನ ಜೀಪಿನಲ್ಲಿ ಹತ್ತಿದಳು. ಕೆಳತಿರುವಿನಲ್ಲಿ ಎಡಗೊಂಬು ಮುರಿದ ಮುದಿ ಹೆಣ್ಣು ಹಿಂಡಿನ ಮುಂದೆ ನಿಂತಿತ್ತು. ಒಂದು ಗಂಟೆ ಬಿಟ್ಟು ಮೇಲಿನ ತಿರುವಿಗೆ ಹೋದರೆ ಅದೇ ಮುರಿದ ಕೊಂಬು, ಅದೇ ಹಿಂಡು.

“ಅಯ್ಯೋ, ಒಂದನ್ನೇ ಎರಡು ಸಲ ಬರೆದೆನಲ್ಲೋ!” ಎಂದಳು.

“ಬರೆದಿದ್ದು ಬರೆದಾಯ್ತು ಬಿಡಕ್ಕ,” ಎಂದ ತಮ್ಮ. “ನಲವತ್ತೈದು ಅಂತ ನೋಡಿ ಜನ ಎಷ್ಟು ಖುಷಿಯಾಗಿದ್ದಾರೆ. ಮೇಕೆಗಳೇನು ಬಂದು ತಕರಾರು ಮಾಡ್ತಾವಾ?”

ತಮ್ಮನ ಮೇಲೆ ಹೊರೆ ಹಾಕಿ ನಾವು ಅವಳನ್ನು ಬಿಟ್ಟುಬಿಡುವಂತಿಲ್ಲ. ನಲವತ್ತೈದು ಎಂದು ಬರೆದ ಬೆಳಿಗ್ಗೆ ಗಂಡ ಬದುಕಿದ್ದ ಕಾಲವೇ ಮರಳಿ ಬಂದಂತೆ ಅವಳಿಗೆ ಅನಿಸಿತ್ತು. ಆ ಸುಖ ಬಿಡಲು ಮನಸ್ಸಾಗಲಿಲ್ಲ. ಆಮೇಲೆ ಚಳಿಗಾಲ ಬಂದಾಗಲೆಲ್ಲ ಎರಡು ತಿರುವಿನ ಎಣಿಕೆಯನ್ನೂ ಕೂಡಿಸುತ್ತಲೇ ಹೋದಳು. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕು ಎನ್ನುತ್ತಾರೆ. ಇಲ್ಲಿ ಅಷ್ಟೂ ಬೇಕಾಗಲಿಲ್ಲ, ಅದೇ ಸುಳ್ಳು ವರ್ಷವರ್ಷವೂ ಸಾಕಾಯಿತು. ಹಿಂಡು ಮಾತ್ರ ಇಪ್ಪತ್ತಾಯಿತು, ಹದಿನೇಳಾಯಿತು, ಹದಿನಾಲ್ಕಾಯಿತು. ಕೂಡಿಸಿದರೂ ನಲವತ್ತು ಮುಟ್ಟದೆ ಹೋದಾಗ ಅವಳು ಕೂಡಿಸುವುದನ್ನೂ ಬಿಟ್ಟು, ಹಳೆಯ ಸಂಖ್ಯೆಯನ್ನೇ ಒಂದೆರಡು ಹೆಚ್ಚುಕಮ್ಮಿ ಮಾಡಿ ಬರೆದಳು.

ಆರನೆಯ ಚಳಿ ಮುಗಿಯುವ ಹೊತ್ತಿಗೆ ಕಚೇರಿಯಿಂದ ಒಂದು ಆದೇಶ ಬಂತು. ಅದುವರೆಗೆ ಮರಿ ಹಾಕುವ ಎರಡು ತಿಂಗಳು ಮೇಲಿನ ತಿರುವಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಗೇಟಿನ ಹಲಗೆಯ ಲೆಕ್ಕದಂತೆ ಹಿಂಡು ಆರು ವರ್ಷದಿಂದ ಚೆನ್ನಾಗಿರುವುದರಿಂದ ಈ ವರ್ಷ ಆ ನಿಷೇಧ ತೆಗೆಯಲಾಗಿದೆ ಎಂದು ಅದರಲ್ಲಿ ಬರೆದಿತ್ತು. ಕುರಿಯನ್ನು ಕೇಳಿ ಯಾರು ಮಸಾಲೆ ಅರೆಯುತ್ತಾರೆ? ಆದರೆ ಇಲ್ಲಿ ಅರೆದದ್ದು ಅವಳ ಕೈ ಕೊಟ್ಟ ಸಾಮಾನಿನಿಂದ.

ಮರುದಿನ ಕಚೇರಿಗೆ ಹೋಗಿ ಉದ್ಯಾನದ ಸಾಹೇಬರ ಮೇಜಿನ ಮುಂದೆ ನಿಂತಳು. ಸಾಹೇಬರು ಕೆಟ್ಟವರಲ್ಲ. ಕುರ್ಚಿ ತೋರಿಸಿದರು, ನೀರು ಕೊಡಿಸಿದರು.

“ಸಾಹೇಬ್ರೆ, ಹಲಗೆ ಮೇಲೆ ಬರೆದಿದ್ದು ಸುಳ್ಳು. ಹಿಂಡು ಎರಡಿಲ್ಲ, ಒಂದೇ ಇರೋದು. ಅದೂ ಹದಿನಾಲ್ಕು. ಹೆಣ್ಣುಗಳೆಲ್ಲ ಗಬ್ಬ ಆಗಿವೆ. ರಸ್ತೆ ತೆರೀಬೇಡಿ, ಕೈ ಮುಗೀತೀನಿ.”

ಸಾಹೇಬರು ನಕ್ಕರು. “ಗೇಟಮ್ಮ, ಆ ಪ್ರಾಣಿಗಳು ನಿಮಗೆ ಮಕ್ಕಳ ಹಾಗೆ ಅಂತ ನನಗೆ ಗೊತ್ತು. ರಸ್ತೆ ನಿಲ್ಲಿಸೋಕೆ ನಿಮ್ಮ ಹೆಸರಿಗೇ ಮಸಿ ಬಳಿದುಕೊಳ್ತೀರಲ್ಲ! ಆರು ವರ್ಷ ಸುಳ್ಳು ಬರೆಯೋ ಹೆಂಗಸಾ ನೀವು?”

“ಬರೆದೆ ಸಾಹೇಬ್ರೆ. ನಾನೇ ಬರೆದೆ.”

“ಹೋಗಿ, ಹೋಗಿ. ಜನ ಕಾಯ್ತಿದ್ದಾರೆ ಅಲ್ಲಿ.”

ಅವಳು ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಹೇಳಿದ ನಿಜ ಅದೊಂದೇ. ಅದು ಸುಳ್ಳಿನ ಪಟ್ಟಿಗೆ ಸೇರಿತು.

ರಸ್ತೆ ತೆರೆಯಿತು. ಮೊದಲ ವಾರವೇ ಮೇಲಿನ ತಿರುವಿನಲ್ಲಿ ಸಾಲು ಸಾಲು ಜೀಪು. ಟಿಕೆಟ್ ಹರಿದು ಕೊಟ್ಟವಳು ಅವಳೇ. ಒಂದು ಮಧ್ಯಾಹ್ನ ತಮ್ಮ ಗೇಟಿನ ಮುಂದೆ ಜೀಪು ನಿಲ್ಲಿಸಿ, ಇಳಿಯದೆ ಸ್ಟಿಯರಿಂಗ್ ಹಿಡಿದು ಕೂತೇ ಇದ್ದ.

“ಏನಾಯ್ತೋ?”

“ಮರಿ ಅಕ್ಕ. ರಸ್ತೆ ಮಧ್ಯ ನಿಂತು ಅರಚ್ತಾ ಇತ್ತು. ಜನ ಸುತ್ತ ನಿಂತು ಫೋಟೋ ಹೊಡೀತಿದ್ರು. ತಾಯಿ ಮೇಲೆ ಬಂಡೆ ಹತ್ರ ಇತ್ತು, ಇಳಿದು ಬರೋಕೆ ಹೆದರಿಕೊಂಡು ಹೊರಟೇ ಹೋಯ್ತು. ಸಂಜೆ ಟ್ರಿಪ್ಪಿಗೆ ನಾನು ಹೋಗಲ್ಲ.”

ಹೋಗಲ್ಲ ಎಂದವನು ಹೋದ. ಹೊಟ್ಟೆ ಕೇಳಬೇಕಲ್ಲ. ಬರುವಾಗ ಮರಿ ರಸ್ತೆಯಂಚಿನಲ್ಲಿ ಸತ್ತುಬಿದ್ದಿತ್ತು. ಆ ಎರಡು ತಿಂಗಳಲ್ಲಿ ಅಂಥವು ಐದು. ಆಮೇಲೆ ಬಂಡೆಗಳ ಮೇಲೆ ತಾಯಿಗಳೂ ಕಾಣಲಿಲ್ಲ.

ಮುಂದಿನ ಚಳಿಗೆ ಹಿಮ ಬಿತ್ತು, ಹುಲ್ಲು ಮುಚ್ಚಿತು, ಇಳಿಜಾರಿಗೆ ಯಾವುದೂ ಇಳಿಯಲಿಲ್ಲ. ಗೇಟಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇಪ್ಪತ್ತು ದಿನ ಕಾದಳು. ದಿನಾ ನಸುಕಿಗೇ ಎದ್ದು ಎರಡೂ ತಿರುವಿಗೆ ನಡೆದು ಹೋಗಿ ಬಂದಳು. ಇಪ್ಪತ್ತೊಂದನೆಯ ಬೆಳಿಗ್ಗೆ ಹಲಗೆಯ ಮೇಲೆ ‘ಬೆಟ್ಟದ ಮೇಕೆ: ಒಂದೂ ಇಲ್ಲ’ ಎಂದು ಬರೆದಳು.

ಹತ್ತು ಗಂಟೆಗೆ ಸಾಹೇಬರೇ ಬಂದರು. ಹಲಗೆ ನೋಡಿದರು, ಅವಳನ್ನು ನೋಡಿದರು. ಕೋಪ ಬಂದಂತಿರಲಿಲ್ಲ, ಮರುಕ ಬಂದಂತಿತ್ತು.

“ಹೋದ ವರ್ಷ ನಲವತ್ತಾರು ಇದ್ದವು ಈ ವರ್ಷ ಒಂದೂ ಇಲ್ಲ ಅಂದ್ರೆ ಹೇಗಮ್ಮ? ವಯಸ್ಸಾಯ್ತು ನಿಮಗೆ. ನಾಳೆ ಕಣ್ಣಿನ ಆಸ್ಪತ್ರೆಗೆ ಹೋಗಿ ಬನ್ನಿ, ನಾನೇ ಚೀಟಿ ಬರೆದು ಕೊಡ್ತೀನಿ.” ಹೇಳುತ್ತಲೇ ಕರವಸ್ತ್ರದಿಂದ ಹಲಗೆ ಒರೆಸಿದರು.

ಮರುದಿನ ಅವಳು ಚೀಟಿ ಹಿಡಿದು ಪೇಟೆಯ ಆಸ್ಪತ್ರೆಗೆ ಹೋದಳು. ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಂದು ಕಣ್ಣು ಮುಚ್ಚಿಸಿದಳು, ಇನ್ನೊಂದು ಮುಚ್ಚಿಸಿದಳು, ಗೋಡೆಯ ಅಕ್ಷರಗಳನ್ನು ಕೆಳಗಿನ ಸಾಲಿನವರೆಗೂ ಓದಿಸಿದಳು, ದೀಪ ಬಿಟ್ಟು ನೋಡಿದಳು.

“ಏನಮ್ಮ, ನಿಮಗೆ ಕಾಣಲ್ಲ ಅಂತ ಯಾರು ಹೇಳಿದ್ದು? ನನಗಿಂತ ಚೆನ್ನಾಗಿ ಕಾಣುತ್ತೆ ನಿಮಗೆ. ಕನ್ನಡಕವೇ ಬೇಡ.”

ಹೆಣ್ಣುಮಗಳು ಒಳ್ಳೆಯ ಸುದ್ದಿ ಹೇಳಿದೆನೆಂದು ನಗುತ್ತಿದ್ದಳು. ಗೇಟಮ್ಮ ಆ ಎತ್ತರದ ಕುರ್ಚಿಯಲ್ಲಿ ಕೂತಲ್ಲೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಹೊರಗೆ ಸರದಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಅತ್ತಳು.