ಕಾಕಾ ಕತ್ತರಿಸದ ಅರಿವಿ

ಧಾರವಾಡದ ನಮ್ಮ ಆಫೀಸಿನ್ಯಾಗ ಆರೋಗ್ಯ ತಪಾಸಣಿ ನಡೆದಿತ್ತು. ನನ್ನ ಬಿ.ಪಿ. ಹೆಚ್ಚಿತ್ತು, ಸಕ್ಕರಿನೂ ಅಂಚಿಗೆ ಬಂದಿತ್ತು. ಡಾಕ್ಟ್ರು ಸೊಂಟ ಅಳದು, "ಈ ಹೊಟ್ಟಿ ಯಾವಾಗಿಂದರಿ?" ಅಂದ್ರು.

"ಮೊದಲಿಂದ ಹಿಂಗ ಐತ್ರಿ" ಅಂದೆ.

ಡಾಕ್ಟ್ರಿಗೆ ಟೇಪು ಕೊಡಾಕ ಬಂದಿದ್ದ ಎದುರು ಅಂಗಡಿ ಟೇಲರ್ ಕಾಕಾ ಅಂಗಡಿಗೆ ಹೋಗಿ ತಮ್ಮ ಅಳತಿ ಪುಸ್ತಕ ತಂದ್ರು. "ಇವರ ಮದುವಿ ಪ್ಯಾಂಟು ಮೂವತ್ತಿತ್ರಿ. ಈಗಿನ ಪ್ಯಾಂಟು ಮೂವತ್ತೆಂಟು. ಇನ್ನ ಹೊಲಿಗಿ ಬಿಚ್ಚಿ ದೊಡ್ಡದು ಮಾಡಾಕ ಒಳಗ ಮಡಚಿದ ಅರಿವೀನ ಉಳಿದಿಲ್ರಿ."

ಮರುದಿನದಿಂದ ದಿನಾ ಮುಂಜಾನಿ ಕೆಲಗೇರಿ ಕೆರಿ ಕಡೆ ನಡೆಯಾಕ ಹತ್ತಿದೆ. ಆರು ತಿಂಗಳಿಗೆ ಎರಡು ಇಂಚು ಇಳೀತು. ಹಿಗ್ಗಿನಿಂದ ಪ್ಯಾಂಟು ಒಯ್ದು, "ಸೊಂಟ ಸಣ್ಣ ಮಾಡ್ರಿ ಕಾಕಾ, ಹೆಚ್ಚಿನ ಅರಿವಿ ಕತ್ತರಿಸಿಬಿಡ್ರಿ" ಅಂದೆ.

ಕಾಕಾ ಸಣ್ಣ ಮಾಡಿಕೊಟ್ರು, ಅರಿವಿ ಮಾತ್ರ ಒಳಗ ಮಡಚಿ ಹೊಲಿದ್ರು. "ಇರ್ಲಿ ಬಿಡ್ರಿ. ಮುಂದ ಮಾವಿನಹಣ್ಣಿನ ಸೀಕರಣಿ ಉಣ್ಣೋ ದಿನ ಬರ್ತಾವು."

ಆ ಹೊಲಿಗಿ ಇನ್ನೂ ಬಿಚ್ಚಿಸಿಲ್ಲ. ಖರೇ ಹೇಳಬೇಕಂದ್ರ, ಅರಿವಿ ಕತ್ತರಿಸೋ ಧೈರ್ಯ ನನಗೂ ಬಂದಿಲ್ಲ.